ಕೂಸಿನ ಮೈಯಲ್ಲಿ ಕೊಬ್ಬೇ ಇಲ್ಲ, ರಕ್ತದಲ್ಲಿ ಇನ್ಸುಲಿನ್ ಮಾತ್ರ ವಿಪರೀತ. ಯಾರಿಗಾದರೂ ಗೊತ್ತಾ?

ಗದಗಿನ ಅತ್ತೆ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಮಗಳ ವಿಷಯ ಕೇಳಬೇಕಿತ್ತು. ಕೂಸಿಗೆ ಈಗ ಐದು ತಿಂಗಳು. ಹುಟ್ಟಿದಾಗ ತೂಕ ಸರಿಯಾಗೇ ಇತ್ತು. ಆದರೆ ಮೈ ಮಾತ್ರ ಕೂಸಿನ ಮೈ ಥರ ಇಲ್ಲ. ಗಲ್ಲ ಒಳಗೆ ಹೋಗಿದೆ. ತೊಡೆಯಲ್ಲಿ ಒಂದು ಮಡಿಕೆ ಇಲ್ಲ. ಕೈಕಾಲಲ್ಲಿ ನರ ಎದ್ದು ಕಾಣುತ್ತವೆ, ತೋಳು ಮುಟ್ಟಿದರೆ ಗಟ್ಟಿ. ನೋಡೋಕೆ ಬಂದವರೆಲ್ಲ "ಸಣ್ಣ ಪೈಲ್ವಾನ ಹುಟ್ಯಾಳ" ಅಂತ ಹೇಳಿ ಹೋದರು. ಹೊಟ್ಟೆ ದೊಡ್ಡದು, ಹೊಕ್ಕಳು ಮುಂದೆ ಬಂದಿದೆ. ಎಷ್ಟು ಹಾಲು ಕುಡಿದರೂ ಮತ್ತೆ ಬೇಕು ಅಂತ ಅಳುತ್ತೆ.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, ಲಿವರ್ ದೊಡ್ಡದಾಗಿದೆ ಅಂತ ರಕ್ತ ತೆಗೆಸಿದರು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರೋ ಕೊಬ್ಬು ತುಂಬಾ ಜಾಸ್ತಿ, ಇನ್ಸುಲಿನ್ ಕೂಡ ತುಂಬಾ ಜಾಸ್ತಿ. ಸಕ್ಕರೆ ಮಾತ್ರ ನಾರ್ಮಲ್. "ಲಿಪೋಡಿಸ್ಟ್ರೋಫಿ, ಅಂದರೆ ಮೈಯಲ್ಲಿ ಕೊಬ್ಬು ಕೂರದ ಕಾಯಿಲೆ ಇರಬಹುದು, ಜೀನ್ ಟೆಸ್ಟ್ ಮಾಡಿಸಿ" ಅಂದರು. ಸಕ್ಕರೆ ಸರಿ ಇದ್ದ ಮೇಲೆ ಇಷ್ಟೊಂದು ಹೆದರಬೇಕಾ? ಇನ್ನೊಂದು ಮಾತು. ತಮ್ಮ ಮದುವೆ ಆಗಿರೋದು ನಮ್ಮ ದೊಡ್ಡಕ್ಕನ ಮಗಳನ್ನೇ. ನಮ್ಮ ಅವ್ವ ಈಗ ಆ ಹುಡುಗಿಗೆ "ಬಸುರಿದ್ದಾಗ ನೀನು ಸರಿಯಾಗಿ ಉಣ್ಣಲಿಲ್ಲ" ಅಂತ ದಿನಾ ಅನ್ನುತ್ತಾಳೆ. ಸೊಸೆಯೂ ಅವಳೇ, ಮೊಮ್ಮಗಳೂ ಅವಳೇ. ಅವಳು ಅಳುತ್ತಾ ಕೂತಿರೋದು ನೋಡೋಕೆ ಆಗ್ತಿಲ್ಲ.

ಲಕ್ಷ್ಮೇಶ್ವರದ ಆಯಿ:
ತಂಗೀ, ಕೂಸು ಸೊರಗಿದ್ದರೆ ಮನೆಯಲ್ಲೇ ಮದ್ದಿದೆ. ಹಾಲಿಗೆ ಒಂದು ಚಮಚ ಹಸುವಿನ ತುಪ್ಪ ಹಾಕಿ ಕುಡಿಸಿ, ಬೆಣ್ಣೆ ನೆಕ್ಕಿಸಿ. ತಾಯಿಗೆ ಅಂಟಿನುಂಡಿ ಕೊಡಿ. ಮೈ ತುಂಬಿಕೊಳ್ಳುತ್ತೆ.

ಹಾವೇರಿ ತಾಯಿ:
ಆಯಿ, ನೀವು ಪ್ರೀತಿಯಿಂದ ಹೇಳಿದ್ದೀರಿ, ಆದರೆ ದಯವಿಟ್ಟು ತುಪ್ಪ ಬೇಡ. ಅಕ್ಕಾ, ನೀವು ಬರೆದಿದ್ದು ಓದುತ್ತಾ ನನಗೆ ನನ್ನ ಮಗಳೇ ಕಣ್ಣ ಮುಂದೆ ಬಂದಳು. ಅವಳಿಗೆ ಇದೇ ಕಾಯಿಲೆ, ಹುಟ್ಟಿನಿಂದ. ಈಗ ಶಾಲೆಗೆ ಹೋಗುತ್ತಾಳೆ. ನಮ್ಮನೇಲೂ ಮೊದಲು ಎಲ್ಲರೂ ಬೆಣ್ಣೆ, ತುಪ್ಪ ಅಂತಲೇ ಹೇಳಿದ್ದು.

ಒಂದು ದಿನ ಲ್ಯಾಬ್‌ನಲ್ಲಿ ರಕ್ತ ತೆಗೆದು ಟ್ಯೂಬನ್ನು ಸ್ಟ್ಯಾಂಡ್‌ನಲ್ಲಿ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೆಳಗೆ ಕೆಂಪು, ಮೇಲೆ ದಪ್ಪಗೆ ಬಿಳಿ ಕೆನೆ. ಲ್ಯಾಬಿನ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ ಸೀದಾ ಡಾಕ್ಟರ್ ಹತ್ತಿರ ಓಡಿದ. ಅದು ರಕ್ತದಲ್ಲಿ ತೇಲುತ್ತಿದ್ದ ಕೊಬ್ಬು. ಮೈಯಲ್ಲಿ ಕೂರಬೇಕಾದ ಕೊಬ್ಬು ಅಲ್ಲಿ ಕೂರದೆ ರಕ್ತದಲ್ಲೇ ಸುತ್ತುತ್ತಿತ್ತು. ಅದರ ಮೇಲೆ ತುಪ್ಪ ಹಾಕಿದರೆ ಏನಾಗುತ್ತೆ ನೀವೇ ಯೋಚಿಸಿ. ಟ್ರೈಗ್ಲಿಸರೈಡ್ ಅತಿಯಾದರೆ ಮೇದೋಜೀರಕ ಗ್ರಂಥಿಗೇ ಉರಿ ಬೀಳುತ್ತೆ. ಹೊಟ್ಟೆನೋವಿಗೆ ಮಕ್ಕಳು ಒದ್ದಾಡಿಬಿಡುತ್ತವೆ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ಇಲ್ಲಿ ಕೂತು ರೋಗ ಇಂಥದ್ದೇ ಅಂತ ನಾನು ಹೇಳೋದಿಲ್ಲ, ಅದು ಕೂಸನ್ನು ನೋಡಿದವರ ಕೆಲಸ. ಆದರೆ ನಿಮ್ಮ ಡಾಕ್ಟರ್ ಸರಿಯಾದ ದಾರಿಯಲ್ಲೇ ಇದ್ದಾರೆ. ನೀವು ಹೇಳಿದ ಲಕ್ಷಣಗಳು ಹುಟ್ಟಿನಿಂದ ಬರುವ ಜನರಲೈಸ್ಡ್ (ಇಡೀ ಮೈಯ) ಲಿಪೋಡಿಸ್ಟ್ರೋಫಿಗೆ ಹೊಂದುತ್ತವೆ. ಇದಕ್ಕೆ ಬೆರಾರ್ಡಿನೆಲ್ಲಿ-ಸೈಪ್ ಸಿಂಡ್ರೋಮ್ ಅಂತಲೂ ಹೆಸರಿದೆ.

ಸಕ್ಕರೆ ನಾರ್ಮಲ್ ಇದೆ ಅಂತ ಸುಮ್ನೆ ಕೂರಬೇಡಿ. ಆ ಸಕ್ಕರೆಯನ್ನು ನಾರ್ಮಲ್ ಆಗಿ ಇಡೋಕೆ ಕೂಸಿನ ದೇಹ ಎಷ್ಟು ಇನ್ಸುಲಿನ್ ಸುರಿಯುತ್ತಿದೆ ನೋಡಿ. ಇನ್ಸುಲಿನ್ ಬೇಕಾದಷ್ಟಿದೆ, ಲಿವರ್ ಮತ್ತು ಸ್ನಾಯು ಅದರ ಮಾತು ಕೇಳುತ್ತಿಲ್ಲ. ಇದೇ ಇನ್ಸುಲಿನ್ ರೆಸಿಸ್ಟೆನ್ಸ್. ಈ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳೋದು ಹರೆಯದ ಹೊತ್ತಿಗೆ. ಲಿವರ್‌ನಲ್ಲಿ ಕೊಬ್ಬು ತುಂಬೋದು ಮಾತ್ರ ಈಗಿನಿಂದಲೇ ಶುರು. ಕೆಲವರಿಗೆ ಹೃದಯದ ಗೋಡೆ ದಪ್ಪ ಆಗುತ್ತೆ. ಅದಕ್ಕೇ ಹೊಟ್ಟೆಯ ಸ್ಕ್ಯಾನ್ ಜೊತೆಗೆ ಒಂದು ಎಕೋ ಕೂಡ ಮಾಡಿಸಿ. ಕತ್ತು, ಕಂಕುಳಲ್ಲಿ ಚರ್ಮ ಕಪ್ಪಗೆ, ದಪ್ಪಗೆ ಆಗಬಹುದು. ಅದು ಕೊಳೆ ಅಲ್ಲ. ಕಡಲೆಹಿಟ್ಟು ಹಾಕಿ ತಿಕ್ಕಬೇಡಿ.

ತಾಯಿ ಹಾಲನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಟ್ರೈಗ್ಲಿಸರೈಡ್ ತುಂಬಾ ಏರಿದ್ದರೆ ಎಂಸಿಟಿ (ಮಧ್ಯಮ ಸರಪಳಿಯ) ಕೊಬ್ಬು ಇರುವ ವಿಶೇಷ ಹಾಲಿನ ಪುಡಿಗೆ ಬದಲಾಯಿಸಬೇಕಾಗಬಹುದು. ಅದನ್ನು ಡಾಕ್ಟರ್ ಮತ್ತು ಡಯಟಿಷಿಯನ್ ಸೇರಿ ನಿರ್ಧರಿಸುತ್ತಾರೆ.

ಬಸುರಿಯ ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ಮಾತನ್ನು ನಿಮ್ಮ ಅವ್ವನಿಗೆ ಇವತ್ತೇ ಓದಿ ಹೇಳಿ.

ಬ್ಯಾಡಗಿ ದಲಾಲ:
ಡಾಕ್ಟರೇ, ಕೊಬ್ಬು ಕಡಿಮೆ ಇದ್ದರೆ ಒಳ್ಳೇದು, ಕೊಬ್ಬು ಜಾಸ್ತಿ ಆದರೆ ಶುಗರ್ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಇಲ್ಲಿ ಕೊಬ್ಬೇ ಇಲ್ಲ, ಆದರೂ ಶುಗರ್ ಬರುತ್ತೆ ಅಂದರೆ ಹೇಗೆ? ನಾನು ತಿಳಿದುಕೊಂಡಿದ್ದು ಹೀಗೆ, ಸರಿನಾ ಹೇಳಿ. ಸೀಸನ್‌ನಲ್ಲಿ ನಮ್ಮ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಬರ್ತಾನೇ ಇರುತ್ತವೆ. ಗೋದಾಮು ತುಂಬಿದರೆ ಚೀಲ ರಸ್ತೆಗೆ ಬರುತ್ತವೆ. ಗೋದಾಮೇ ಕಟ್ಟಿಲ್ಲ ಅಂದರೂ ರಸ್ತೆಗೇ ಬರುತ್ತವೆ. ಎರಡರಲ್ಲೂ ರಸ್ತೆ ಬಂದ್.

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ನೂರಕ್ಕೆ ನೂರು ಸರಿ. ಕೊಬ್ಬಿನ ಜೀವಕೋಶ ಇಲ್ಲದಿದ್ದರೆ ಕೊಬ್ಬು ಹೋಗಿ ಲಿವರ್, ಸ್ನಾಯುಗಳಲ್ಲಿ ತುಂಬಿಕೊಳ್ಳುತ್ತೆ. ಇನ್ನೊಂದು ವಿಷಯ, ಕೊಬ್ಬಿನ ಕೋಶ ಬರೀ ಕೂಡಿಡೋ ಜಾಗ ಅಲ್ಲ, ಅಲ್ಲಿಂದ ಲೆಪ್ಟಿನ್ ಅನ್ನೋ ಹಾರ್ಮೋನ್ ಬರುತ್ತೆ. "ಹೊಟ್ಟೆ ತುಂಬಿದೆ, ಸಾಕು" ಅಂತ ಮೆದುಳಿಗೆ ಹೇಳೋದು ಅದೇ. ಈ ಮಕ್ಕಳಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಕೂಸು ಹಾಲು ಸಾಲದು ಅಂತ ಅಳೋದು ಹಟಕ್ಕಲ್ಲ.

ಹಾವೇರಿ ತಾಯಿ:
ಇದನ್ನು ನಮ್ಮ ಓಣಿಯವರಿಗೆ ತಿಳಿಸೋದೇ ದೊಡ್ಡ ಕೆಲಸ. ಮಗಳು ಪಕ್ಕದ ಮನೆಗೆ ಹೋಗಿ ರೊಟ್ಟಿ ಬುಟ್ಟಿಯಿಂದ ರೊಟ್ಟಿ ತಗೊಂಡು ತಿನ್ನುತ್ತಾಳೆ. "ಮನೆಯಲ್ಲಿ ಉಣ್ಣೋಕೆ ಹಾಕೋದಿಲ್ಲವಾ" ಅಂತ ಜನ ನನ್ನ ಮುಖಕ್ಕೇ ಕೇಳಿದ್ದಾರೆ. ಬಿಸಿಯೂಟದಲ್ಲಿ ಎರಡನೇ ಸಲ ಬಡಿಸಿದರೆ ಎಣ್ಣೆ ಇರೋ ಸಾರು ಬೇಡ, ಬರೀ ಅನ್ನ, ಬೇಳೆ ಸಾಕು ಅಂತ ಶಾಲೆಯ ಮೇಡಂಗೆ ಹೇಳಿ ಇಟ್ಟಿದ್ದೇನೆ. ಮನೆಯಲ್ಲಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಬೆಣ್ಣೆ ತೆಗೆದ ಮಜ್ಜಿಗೆ. ಒಗ್ಗರಣೆಗೆ ಅಳೆದು ಎಣ್ಣೆ. ಸಿಹಿಯೂ ಕಡಿಮೆ, ಯಾಕಂದರೆ ಸಕ್ಕರೆ ಜಾಸ್ತಿ ಆದರೂ ಲಿವರ್ ಅದನ್ನು ಕೊಬ್ಬು ಮಾಡಿಬಿಡುತ್ತೆ.

ಕುಂದಗೋಳ ಗೆಳೆಯ:
ಎಂಸಿಟಿ ಅಂದರೆ ಕೊಬ್ಬರಿ ಎಣ್ಣೆಯಲ್ಲೇ ಇರುತ್ತಲ್ವಾ? ಪುಡಿಗೆ ಅಷ್ಟು ದುಡ್ಡು ಯಾಕೆ ಸುರೀಬೇಕು? ಗಾಣದ ಕೊಬ್ಬರಿ ಎಣ್ಣೆ ಕೊಡಿ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ಬೇಡ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಇರೋದು ಲಾರಿಕ್ ಆಮ್ಲ. ಅದರ ಬಹುಪಾಲು ಮಾಮೂಲಿ ಕೊಬ್ಬು ಹೋಗೋ ದಾರಿಯಲ್ಲೇ ರಕ್ತಕ್ಕೆ ಸೇರುತ್ತೆ. ಆಸ್ಪತ್ರೆಯಲ್ಲಿ ಕೊಡೋ ಎಂಸಿಟಿಯಲ್ಲಿ ಅದಕ್ಕಿಂತ ಚಿಕ್ಕ ಸರಪಳಿಯ ಕೊಬ್ಬು ಇರುತ್ತೆ. ಅದು ಸೀದಾ ಲಿವರ್‌ಗೆ ಹೋಗಿ ಉರಿದುಹೋಗುತ್ತೆ. ಎರಡೂ ಒಂದೇ ಅಲ್ಲ.

ಕುಂದಗೋಳ ಗೆಳೆಯ:
ಸರಿ ಡಾಕ್ಟರೇ, ತಿಳೀತು.

ಧಾರವಾಡದ ಬಯಾಲಜಿ ಮೇಡಂ:
ಈ ಕಾಯಿಲೆಯ ಬಗ್ಗೆ ಮೊದಲು ಬರೆದಿದ್ದು ಬ್ರೆಜಿಲ್‌ನ ಬೆರಾರ್ಡಿನೆಲ್ಲಿ, 1954ರಲ್ಲಿ. ಆಮೇಲೆ 1959ರಲ್ಲಿ ನಾರ್ವೆಯ ಸೈಪ್. ಇಬ್ಬರ ಹೆಸರೂ ಸೇರಿಕೊಂಡಿತು. ಇದಕ್ಕೆ ಕಾರಣ ಆಗೋ ಮುಖ್ಯ ಜೀನ್‌ಗಳು ಎರಡು, ಎಜಿಪಿಎಟಿ2 ಮತ್ತು ಬಿಎಸ್‌ಸಿಎಲ್2. ಕೊಬ್ಬಿನ ಹನಿ ಕಟ್ಟೋದಕ್ಕೆ ಇವು ಬೇಕೇ ಬೇಕು. ಮೊದಲನೆಯದು ಕೆಟ್ಟರೆ ಅಂಗೈ, ಅಂಗಾಲು, ಕಣ್ಣಿನ ಗುಳಿಯಲ್ಲಿ ಮೆತ್ತೆಯಾಗಿ ಇರೋ ಕೊಬ್ಬು ಉಳಿಯುತ್ತೆ. ಎರಡನೆಯದು ಕೆಟ್ಟರೆ ಅದೂ ಇರೋದಿಲ್ಲ. ಬುದ್ಧಿ ಬೆಳವಣಿಗೆ ಸ್ವಲ್ಪ ನಿಧಾನ ಆಗೋದು, ಹೃದಯದ ತೊಂದರೆ ಬರೋದು ಎರಡನೆಯದರಲ್ಲಿ ಜಾಸ್ತಿ. ಅದಕ್ಕೇ ಯಾವ ಜೀನ್ ಅಂತ ತಿಳಿಯೋದು ಮುಖ್ಯ.

ಇದು ಆಟೋಸೋಮಲ್ ರಿಸೆಸಿವ್. ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ಒಂದೇ ಪ್ರತಿ ಇರೋ ತಂದೆ ತಾಯಿ ಆರಾಮಾಗಿ ಇರ್ತಾರೆ. ಪ್ರತಿ ಬಸುರಿನಲ್ಲೂ ಕೂಸಿಗೆ ಕಾಯಿಲೆ ಬರೋ ಸಾಧ್ಯತೆ 25 ಪ್ರತಿಶತ. ಅತ್ತೆಯವರೇ, ನಿಮ್ಮ ಮನೆ ಲೆಕ್ಕ ನೋಡಿ. ನಿಮ್ಮ ತಮ್ಮ ಮತ್ತು ದೊಡ್ಡಕ್ಕ ಒಂದೇ ತಂದೆ ತಾಯಿಯ ಮಕ್ಕಳು. ಅಂದರೆ ಈ ಜೀನ್ ನಿಮ್ಮ ಅಪ್ಪ, ಅವ್ವ ಇಬ್ಬರಲ್ಲಿ ಒಬ್ಬರಿಂದ ಇಬ್ಬರಿಗೂ ಇಳಿದು, ಅಕ್ಕನಿಂದ ಮಗಳಿಗೆ ಹೋಗಿರುವ ಸಾಧ್ಯತೆಯೇ ಜಾಸ್ತಿ. ಅದು ಅವರ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಆದರೆ ಆ ಹುಡುಗಿಯೊಬ್ಬಳ ಮೇಲೆ ಹೊರಿಸೋದು ಅನ್ಯಾಯ.

ರೋಣದ ಹಿರಿಯರು:
ಎಲ್ಲದಕ್ಕೂ ಸಂಬಂಧದಲ್ಲಿ ಮದುವೆ ಆಗಿದ್ದೇ ಕಾರಣ ಅಂತ ಈಗ ಶುರು ಆಗುತ್ತೆ ನೋಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೋದರಮಾವನಿಗೇ ಕೊಟ್ಟಿದ್ದೇವೆ. ಎಲ್ಲ ಮಕ್ಕಳೂ ಗಟ್ಟಿಮುಟ್ಟಾಗಿದ್ದಾರೆ. ಹೊಲ ಒಡೆಯೋದಿಲ್ಲ, ಹೆಣ್ಣುಮಗಳು ಗೊತ್ತಿದ್ದ ಮನೆಯಲ್ಲೇ ಇರ್ತಾಳೆ. ಹೊರಗೆ ಕೊಟ್ಟರೆ ಕಾಯಿಲೆ ಬರೋದೇ ಇಲ್ಲವಾ?

ನವನಗರದ ಹುಡುಗಿ:
ಅಜ್ಜಾ, ನಿಮ್ಮ ಮನೆಯಲ್ಲಿ ಚೆನ್ನಾಗಿದ್ದಾರೆ ಅಂದರೆ ಸಂತೋಷ. ಆದರೆ ಆ ಜೀನ್ ಇರೋ ಮನೆಯಲ್ಲಿ ಹೀಗೆ ಕೊಡುತ್ತಾ ಹೋದರೆ? ಹೊಲ ಉಳೀತು ಅಂತ ಕೂಸನ್ನು ಕಷ್ಟಕ್ಕೆ ನೂಕೋಕೆ ಆಗುತ್ತಾ? ಗೊತ್ತಿದ್ದ ಮನೆ ಅಂತೀರಿ, ಅದೇ ಮನೆಯಲ್ಲೇ ಆ ಹುಡುಗಿ ದಿನಾ ಬೈಸಿಕೊಳ್ಳುತ್ತಿದ್ದಾಳಲ್ಲ.

ರೋಣದ ಹಿರಿಯರು:
ಬೈಯೋದು ತಪ್ಪು, ಅದನ್ನು ನಾನೂ ಒಪ್ಪುತ್ತೇನೆ ತಾಯಿ. ಆದರೆ ಕಳ್ಳುಬಳ್ಳಿಯನ್ನೇ ದೂರಬೇಡಿ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ಇಬ್ಬರಿಗೂ ಒಂದು ಮಾತು. ಯಾವ ಗಂಡ ಹೆಂಡತಿಗೇ ಆಗಲಿ, ಕೂಸಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರೋ ಸಾಧ್ಯತೆ ಸುಮಾರು 2-3 ಪ್ರತಿಶತ ಇದ್ದೇ ಇರುತ್ತೆ. ಅತ್ತೆ ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ಸೋದರಮಾವ, ಅಕ್ಕನ ಮಗಳು ಅಂದರೆ ರಕ್ತ ಇನ್ನೂ ಹತ್ತಿರ, ಅಪಾಯವೂ ಅದಕ್ಕಿಂತ ಜಾಸ್ತಿ. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಮಕ್ಕಳು ಚೆನ್ನಾಗೇ ಇರ್ತಾರೆ, ಅಜ್ಜನವರು ಹೇಳಿದ್ದು ಸುಳ್ಳಲ್ಲ. ಆದರೆ ಇಂಥ ಅಪರೂಪದ ರಿಸೆಸಿವ್ ಕಾಯಿಲೆ ಇರೋ ಮಕ್ಕಳ ತಂದೆ ತಾಯಿಯನ್ನು ಕೇಳಿದರೆ, ಎಷ್ಟೋ ಸಲ ಸಂಬಂಧದಲ್ಲೇ ಮದುವೆ ಆಗಿರುತ್ತೆ. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದರಷ್ಟು ಮದುವೆ ಈಗಲೂ ರಕ್ತಸಂಬಂಧದಲ್ಲೇ ಆಗುತ್ತವೆ, ಆದ್ದರಿಂದ ಇದು ನಮ್ಮೆಲ್ಲರ ಮನೆಯ ಪ್ರಶ್ನೆ.

ವಿದ್ಯಾನಗರ ನಿವಾಸಿ:
ನಾನೂ ಒಂದು ಹೇಳ್ತೀನಿ. ನನಗೆ ಇದರದ್ದೇ ಇನ್ನೊಂದು ಬಗೆ ಇದೆ. ಚಿಕ್ಕವಳಿದ್ದಾಗ ಎಲ್ಲರ ಥರಾನೇ ಇದ್ದೆ. ದೊಡ್ಡವಳಾದ ಮೇಲೆ ಕೈಕಾಲು ತೆಳ್ಳಗಾಗಿ ನರ ಕಾಣೋಕೆ ಶುರುವಾಯಿತು. ಮುಖ, ಕತ್ತಿನಲ್ಲಿ ಮಾತ್ರ ಕೊಬ್ಬು ಕೂತಿತು. ಡಿಗ್ರಿ ಓದುವಾಗಲೇ ಶುಗರ್. "ಇಷ್ಟು ತೆಳ್ಳಗಿದ್ದೀಯ, ನಿನಗೆಂಥ ಶುಗರ್" ಅಂತ ಕೇಳಿದವರೇ ಎಲ್ಲ. ಒಂದು ಕಡೆ ಟೈಪ್ 1 ಅಂತ ಹೇಳಿ ಇನ್ಸುಲಿನ್ ಏರಿಸುತ್ತಾ ಹೋದರು, ಸಕ್ಕರೆ ಇಳಿಯಲೇ ಇಲ್ಲ. ಕೊನೆಗೆ ಒಬ್ಬ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ನನ್ನ ಮೀನಖಂಡ ನೋಡಿದ ಕೂಡಲೇ ಡನಿಗನ್ ಬಗೆಯ ಲಿಪೋಡಿಸ್ಟ್ರೋಫಿ ಇರಬಹುದು ಅಂದರು. ಎಲ್‌ಎಂಎನ್‌ಎ ಜೀನ್ ಟೆಸ್ಟ್‌ನಲ್ಲಿ ಅದೇ ಬಂತು.

ನಮ್ಮ ತಂದೆ ತಾಯಿಗೆ ಯಾವ ರಕ್ತಸಂಬಂಧವೂ ಇಲ್ಲ. ಈ ಬಗೆಗೆ ಒಂದೇ ಕೆಟ್ಟ ಪ್ರತಿ ಸಾಕು. ಹಾಗಾಗಿ ಸಂಬಂಧದಲ್ಲಿ ಮದುವೆ ಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ತಿಳೀಬೇಡಿ. ನನ್ನ ಮಗನಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಅವನನ್ನು ಹೆದರಿಸದೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ.

ಸವಣೂರು ಅಂಗನವಾಡಿ ಟೀಚರ್:
ಇದನ್ನೆಲ್ಲ ಓದಿ ಒಂದು ಯೋಚನೆ ಬಂತು. ನಾವು ತೂಕ ನೋಡ್ತೀವಿ, ಆರು ತಿಂಗಳ ಮೇಲಿನ ಮಕ್ಕಳಿಗೆ ತೋಳಿನ ಪಟ್ಟಿ ಹಾಕ್ತೀವಿ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಆದರೆ ಪಟ್ಟಿ ಸ್ನಾಯುವನ್ನೂ ಸೇರಿಸಿಯೇ ಅಳೆಯುತ್ತೆ. ಇಂಥ ಕೂಸು ಪಟ್ಟಿಯ ಹಸಿರು ಬಣ್ಣದಲ್ಲೇ, ಅಂದರೆ ಸರಿ ಇದೆ ಅಂತಲೇ ಬರಬಹುದು. ಹಾಗಾದರೆ ನಾವು ಗುರುತಿಸೋದು ಹೇಗೆ?

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ಒಳ್ಳೆ ಪ್ರಶ್ನೆ ಮೇಡಂ. ಊಟ ಸಿಗದೆ ಸೊರಗಿದ ಕೂಸಿನಲ್ಲಿ ಸ್ನಾಯುವೂ ಕರಗಿರುತ್ತೆ, ಬೆಳವಣಿಗೆಯೂ ನಿಂತಿರುತ್ತೆ. ಇಲ್ಲಿ ಸ್ನಾಯು ಎದ್ದು ಕಾಣುತ್ತೆ, ಎತ್ತರ ಚೆನ್ನಾಗಿ ಬೆಳೆಯುತ್ತೆ, ಹಸಿವು ವಿಪರೀತ, ಹೊಟ್ಟೆ ದೊಡ್ಡದು. ತೋಳಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ನೋಡಿ. ಕೈಗೆ ಬರೀ ತೆಳು ಚರ್ಮ ಸಿಕ್ಕರೆ ಅನುಮಾನ ಪಡಿ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಆರ್‌ಬಿಎಸ್‌ಕೆ ತಂಡ ಬಂದಾಗ ತೋರಿಸಿ, ಅವರು ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ನೋಡೋ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ಅಪೌಷ್ಟಿಕತೆ ಅಂತ ತಿಳಿದು ಎಣ್ಣೆ, ಕಡಲೆಕಾಯಿ ತುಂಬಿದ ಆಹಾರ ಕೊಟ್ಟುಬಿಟ್ಟರೆ ತೊಂದರೆ.

ಹಳೇ ಹುಬ್ಬಳ್ಳಿ ಗರಡಿ:
ಪೈಲ್ವಾನ ಅಂತ ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಕ್ಕಾ. ನಮ್ಮ ಕಡೆ ಗಟ್ಟಿ ಮೈ ಅಂದರೆ ಅಷ್ಟು ಅಭಿಮಾನ. ಹಿಂದೆ ಪ್ರತಿ ಓಣಿಗೂ ಒಂದು ಗರಡಿ ಇತ್ತು. ಈಗ ಜಿಮ್‌ಗೆ ಹೋಗಿ ಪುಡಿ ಕುಡಿಯೋರೇ ಜಾಸ್ತಿ.

ಬ್ಯಾಡಗಿ ದಲಾಲ:
ಅಣ್ಣಾ, ಗರಡಿ ಮಾತು ಬೇರೆ ಕಡೆ ಮಾತಾಡೋಣ. ಇಲ್ಲಿ ಕೂಸಿನ ವಿಷಯ ನಡೆದಿದೆ. ಡಾಕ್ಟರೇ, ಇದಕ್ಕೆ ಔಷಧ ಏನಾದರೂ ಇದೆಯಾ?

ಧಾರವಾಡದ ಬಯಾಲಜಿ ಮೇಡಂ:
ಇಲ್ಲದ ಲೆಪ್ಟಿನ್ ಅನ್ನೇ ಹೊರಗಿನಿಂದ ಕೊಡೋ ಇಂಜೆಕ್ಷನ್ ಇದೆ, ಮೆಟ್ರೆಲೆಪ್ಟಿನ್. ಲೆಪ್ಟಿನ್ ಗೊತ್ತಾಗಿದ್ದು 1994ರಲ್ಲಿ. 2002ರಲ್ಲಿ ಅಮೆರಿಕದಲ್ಲಿ ಒಂಬತ್ತು ಜನ ರೋಗಿಗಳಿಗೆ ನಾಲ್ಕು ತಿಂಗಳು ಕೊಟ್ಟು ನೋಡಿದಾಗ ಟ್ರೈಗ್ಲಿಸರೈಡ್ ಸುಮಾರು 60 ಪ್ರತಿಶತ ಇಳಿದಿತ್ತು. ಜಪಾನ್ 2013ರಲ್ಲಿ, ಅಮೆರಿಕ 2014ರಲ್ಲಿ, ಯುರೋಪ್ 2018ರಲ್ಲಿ ಒಪ್ಪಿಗೆ ಕೊಟ್ಟವು. ಯುರೋಪಿನಲ್ಲಿ ಈ ಜನರಲೈಸ್ಡ್ ಬಗೆಗೆ ಎರಡು ವರ್ಷದ ಮೇಲಿನ ಮಕ್ಕಳಿಗೆ ಒಪ್ಪಿಗೆ ಇದೆ.

ಹಾವೇರಿ ತಾಯಿ:
ಹೆಸರು ಕೇಳಿದರೆ ಆಸೆ ಆಗುತ್ತೆ, ಬೆಲೆ ಕೇಳಿದರೆ ಎದೆ ಒಡೆಯುತ್ತೆ. ನಮ್ಮಂಥವರಿಗೆ ಕೈಗೆಟುಕುವ ಮಾತಲ್ಲ. ದಿನಾ ಚುಚ್ಚಬೇಕು, ಜೀವನಪೂರ್ತಿ. ಹೊರದೇಶದಿಂದ ಸ್ವಂತಕ್ಕೆ ತರಿಸೋಕೆ 12ಎ ಫಾರ್ಮ್ ತುಂಬಿ ಅನುಮತಿ ತಗೋಬೇಕು. ಮಗಳಿಗೆ ಈಗ ನಡೀತಿರೋದು ಊಟದ ಪಥ್ಯ, ಓಡಾಟ, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್. ಅಷ್ಟರಲ್ಲೇ ಅವಳ ಟ್ಯೂಬಿನ ಮೇಲಿನ ಕೆನೆ ಹೋಗಿದೆ. ಔಷಧ ಸಿಗೋವರೆಗೆ ಏನೂ ಮಾಡೋಕಾಗೋದಿಲ್ಲ ಅಂತ ಕೈಚೆಲ್ಲಬೇಡಿ ಅಕ್ಕಾ.

ನವನಗರದ ಹುಡುಗಿ:
ಸರ್ಕಾರದ ಸಹಾಯ ಏನೂ ಇಲ್ಲವಾ?

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿ ಇದೆ. ಅದರ ಪಟ್ಟಿಯಲ್ಲಿರೋ ಕಾಯಿಲೆಗಳಿಗೆ 50 ಲಕ್ಷದವರೆಗೆ ಸಹಾಯ ಇದೆ, ಆದರೆ ಅದು ಗೊತ್ತುಪಡಿಸಿದ ಕೇಂದ್ರಗಳ ಮೂಲಕವೇ ಬರಬೇಕು. ಕರ್ನಾಟಕಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಕೇಂದ್ರ. ಜೀನ್ ಟೆಸ್ಟ್, ಜೆನೆಟಿಕ್ ಕೌನ್ಸೆಲಿಂಗ್ ಬಗ್ಗೆ ಅಲ್ಲಿ ಕೇಳಿ. ಡಾಕ್ಟರ್ ಚೀಟಿ, ಎಲ್ಲ ರಿಪೋರ್ಟ್, ಕೂಸಿನ ಫೋಟೋ, ಮೂರು ತಲೆಮಾರಿನ ವಂಶವೃಕ್ಷ ಬರೆದು ಒಯ್ಯಿರಿ.

ಗದಗಿನ ಅತ್ತೆ:
ಎಲ್ಲರೂ ಇಷ್ಟು ಬರೆದಿದ್ದಕ್ಕೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ಬಯಾಲಜಿ ಮೇಡಂ ಬರೆದಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ "ಹಂಗಾರ ನನ್ನ ರಕ್ತಾನೂ ತಗೋರಿ" ಅಂದಳು. ಇವತ್ತು ಬೈಗುಳ ಇಲ್ಲ.

ಇನ್ನೂ ಎರಡು ಪ್ರಶ್ನೆ. ನನ್ನ ಮಗಳನ್ನು ಕಿರಿಯ ತಮ್ಮನಿಗೆ ಕೊಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ಈಗ ಏನು ಮಾಡಲಿ? ಎರಡನೆಯದು, ಮತ್ತೊಂದು ಸಲ ಟ್ರೈಗ್ಲಿಸರೈಡ್ ನೋಡೋಕೆ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಅಂದಿದ್ದಾರೆ. ರಾತ್ರಿಯಿಂದ ಹಾಲು ಕೊಡಬಾರದಾ?

ಧಾರವಾಡದ ಬಯಾಲಜಿ ಮೇಡಂ:
ಮದುವೆ ಮಾತನ್ನು ಸದ್ಯಕ್ಕೆ ಅಲ್ಲಿಗೇ ನಿಲ್ಲಿಸಿ. ಮೊದಲು ಕೂಸಿನ ಟೆಸ್ಟ್‌ನಲ್ಲಿ ಜೀನ್ ಯಾವುದು, ಬದಲಾವಣೆ ಏನು ಅಂತ ಸಿಗಲಿ. ಅದು ಸಿಕ್ಕ ಮೇಲೆ ಉಳಿದವರಿಗೆ ಅದೊಂದನ್ನೇ ನೋಡೋ ಸಣ್ಣ ಟೆಸ್ಟ್ ಸಾಕು. ನಿಮ್ಮಲ್ಲಿ ಆ ಕೆಟ್ಟ ಪ್ರತಿ ಇರೋ ಸಾಧ್ಯತೆ ಅರ್ಧಕ್ಕರ್ಧ, ಕಿರಿಯ ತಮ್ಮನಿಗೂ ಅಷ್ಟೇ. ನನ್ನನ್ನು ಕೇಳಿದರೆ ಮಗಳನ್ನು ಹೊರಗೇ ಕೊಡಿ. ಮಗಳಿಗೆ ಏನು ಬೇಕು ಅಂತಲೂ ಕೇಳಿ. ತಮ್ಮ ಮತ್ತು ಅವನ ಹೆಂಡತಿಗೆ ಇನ್ನೊಂದು ಮಗು ಬೇಕು ಅಂದರೆ, ಬಸುರಾಗೋ ಮೊದಲೇ ಕೌನ್ಸೆಲಿಂಗ್‌ಗೆ ಹೋಗಲಿ. ಬಸುರಿನ 11ರಿಂದ 13ನೇ ವಾರದಲ್ಲೇ ಕೂಸನ್ನು ಪರೀಕ್ಷೆ ಮಾಡೋ ವಿಧಾನ ಇದೆ. ಜೀನ್ ಮೊದಲೇ ಗೊತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತೆ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್:
ರಾತ್ರಿಯಿಡೀ ಉಪವಾಸ ಖಂಡಿತ ಬೇಡ. ಇನ್ಸುಲಿನ್ ವಿಪರೀತ ಇರೋ ಕೂಸುಗಳಲ್ಲಿ ಡೊನಹ್ಯೂ ಸಿಂಡ್ರೋಮ್ ಅನ್ನೋ ಇನ್ನೊಂದು ಕಾಯಿಲೆಯೂ ಇರಬಹುದು. ಅದು ಇನ್ಸುಲಿನ್ ರಿಸೆಪ್ಟರ್‌ನ, ಅಂದರೆ ಇನ್ಸುಲಿನ್ ಮಾತನ್ನು ಕೇಳಿಸಿಕೊಳ್ಳೋ ಭಾಗದ ದೋಷ. ಆ ಕೂಸುಗಳು ಹುಟ್ಟುವಾಗಲೇ ತುಂಬಾ ಸಣ್ಣಗಿರುತ್ತವೆ, ತೂಕ ಏರೋದಿಲ್ಲ, ಮೈಮೇಲೆ ಕೂದಲು ಜಾಸ್ತಿ. ನಿಮ್ಮ ಕೂಸಿನ ಹುಟ್ಟುತೂಕ ಸರಿ ಇತ್ತು, ಟ್ರೈಗ್ಲಿಸರೈಡ್ ಏರಿದೆ, ಹಾಗಾಗಿ ಇದು ಅದಲ್ಲ ಅಂತಲೇ ಕಾಣುತ್ತೆ. ಆದರೂ ಆ ಕಾಯಿಲೆಯಲ್ಲಿ ಹಾಲು ತಡವಾದರೆ ಸಕ್ಕರೆ ಒಮ್ಮೆಲೇ ಬೀಳುತ್ತೆ. ಹೇಗಿದ್ದರೂ ಐದು ತಿಂಗಳ ಕೂಸನ್ನು ಹಸಿದು ಮಲಗಿಸಬಾರದು. ರಾತ್ರಿ ಎಂದಿನಂತೆ ಹಾಲು ಕೊಡಿ. ಲ್ಯಾಬ್ ತೆರೆಯೋ ಹೊತ್ತಿಗೆ ಹೋಗಿ, ಬೆಳಗಿನ ಒಂದು ಹಾಲು ಆದ ಮೇಲೆ ಮುಂದಿನ ಹಾಲಿಗೆ ಸ್ವಲ್ಪ ಮೊದಲು ರಕ್ತ ಕೊಡಿ. ಎಷ್ಟು ಗಂಟೆ ಬಿಡಬೇಕು ಅಂತ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ, ಕೊನೆಯ ಹಾಲು ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆಸಿ. ರಕ್ತ ತೆಗೆದ ತಕ್ಷಣ ಹಾಲು ಕೊಡೋಕೆ ತಾಯಿ ಅಲ್ಲೇ ಜೊತೆಗಿರಲಿ.

ಹಾವೇರಿ ತಾಯಿ:
ಅಕ್ಕಾ, ಬೆಂಗಳೂರಿಗೆ ಹೊರಡೋ ದಿನ ಗೊತ್ತಾದರೆ ಇಲ್ಲೇ ತಿಳಿಸಿ. ವಂಶವೃಕ್ಷ ಹೇಗೆ ಬರೀಬೇಕು ಅಂತ ನಮ್ಮದನ್ನು ಫೋಟೋ ತೆಗೆದು ಮೆಸೇಜ್‌ನಲ್ಲಿ ಕಳಿಸುತ್ತೇನೆ. ಕೂಸಿನ ತಾಯಿಗೂ ನನ್ನ ಜೊತೆ ಮಾತಾಡೋಕೆ ಹೇಳಿ, ಯಾವ ಹೊತ್ತಿಗಾದರೂ ಸರಿ.